ಅಪ್ಪನ ಕಂಪ್ಯೂಟರಿಗೆ ಸದ್ದು ಬಂತು

ಅಣ್ಣಾ,

ನಿನ್ನೆ ಅಪ್ಪನ ಕಂಪ್ಯೂಟರ್ ಮಾತು ನಿಲ್ಲಿಸಿಬಿಟ್ಟಿತು. ನೀನಿದ್ದಿದ್ದರೆ ಒಂದು ಫೋನಿನಲ್ಲಿ ಮುಗಿಯುತ್ತಿತ್ತು. ಈಗ ಯಾರನ್ನು ಕರೆಯಲಿ? ಸತ್ತವನಿಗೆ ಕಾಗದ ಬರೆಯುತ್ತಿದ್ದಾಳೆ, ಹುಚ್ಚಿ, ಎಂದು ಬೇಕಾದರೆ ಬೈದುಕೋ.

ಕಣ್ಣು ಹೋದಮೇಲೆ ಅಪ್ಪನಿಗೆ ಪೇಪರು, ಪುಸ್ತಕ ಓದಿ ಹೇಳುವುದು ಅದೊಂದೇ. "ಈ ಹಳೇ ಮಾಡೆಲ್‌ಗೆ ಹೊಸ ಸಾಫ್ಟ್‌ವೇರ್ ಸಿಸ್ಟಂ ಬರಲ್ಲ, ಬಿಸಾಕಿ" ಎಂದು ಅಂಗಡಿಯವನು ಕೈ ತೊಳೆದುಕೊಂಡಾಗ ನೀನು ಹಟಕ್ಕೆ ಬಿದ್ದೆ. ಅಪ್ಪನ ಬೆರಳುಗಳಿಗೆ ಆ ಕೀಗಳ ಗುರುತು ಹತ್ತಿದೆ, ಬೇರೆಯದು ಬೇಡ ಎಂದೆ. ಪೆನ್‌ಡ್ರೈವ್ ಚುಚ್ಚಿ ಹೊಸ ಸಿಸ್ಟಂ ಅನ್ನು ಹೇಗೋ ಒಳಗೆ ನುಗ್ಗಿಸಿದೆ. ಸ್ಕ್ರೀನ್ ಬಂತು, ಸದ್ದಿಲ್ಲ, ವೈಫೈ ಇಲ್ಲ. ಆಮೇಲೆ ಇನ್ನೊಂದು ಟೂಲ್ ಓಡಿಸಿ, ಬಿಟ್ಟುಹೋದದ್ದನ್ನೆಲ್ಲ ಒಂದೊಂದಾಗಿ ವಾಪಸ್ ಕೂರಿಸಿದೆ. ಅದಕ್ಕೆ ತೇಪೆ ಎನ್ನುತ್ತಿದ್ದೆ. "ಅಪ್‌ಡೇಟ್ ಆದ್ರೆ ತೇಪೆಯೆಲ್ಲ ಕಿತ್ತು ಬರುತ್ತೆ ಕಣೇ. ಅದು ಕೇಳಿದಾಗೆಲ್ಲ 'ಆಮೇಲೆ' ಅಂತ ಒತ್ತು" ಎಂದು ನನಗೆ ತಾಕೀತು ಮಾಡಿದ್ದೆ.

ನೀನು ಹೋದಮೇಲೂ ನಾನು ಒತ್ತುತ್ತಲೇ ಇದ್ದೆ. ನಿನ್ನೆ ನಾನು ಬಟ್ಟೆ ಒಣಹಾಕುತ್ತಿದ್ದಾಗ ಅದು ಅಪ್ಪನನ್ನೇ ಕೇಳಿದೆ. ಇವರು ಹೂಂ ಅಂದುಬಿಟ್ಟಿದ್ದಾರೆ. "ಅಷ್ಟು ಮರ್ಯಾದೆಯಾಗಿ ಕೇಳ್ತು, ಬೇಡ ಅನ್ನೋದು ಹೇಗಮ್ಮ?" ಎಂದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆ ಮೂಕ ಯಂತ್ರದ ಮುಂದೆ ಅವರು ಸಂಜೆಯವರೆಗೂ ಕೂತಿದ್ದರು.

ಇವತ್ತು ನಾನೇ ಕೈಹಾಕಿದೆ. ತೇಪೆ ಹಚ್ಚಲು ಇಂಟರ್ನೆಟ್ ಬೇಕಂತೆ. ಇಂಟರ್ನೆಟ್ ಬರಲು ತೇಪೆ ಬೇಕು. ಅದಕ್ಕೇ ನೀನು ವೈಫೈ ಇಲ್ಲದೆಯೂ ಇಂಟರ್ನೆಟ್ ಕೊಡುವ ಉದ್ದದ ವೈರು ತರುತ್ತಿದ್ದೆ. ಅದು ನಿನ್ನ ಬ್ಯಾಗಿನಲ್ಲಿತ್ತು, ಆಸ್ಪತ್ರೆಯಿಂದ ವಾಪಸ್ ಬಂದಮೇಲೆ ಯಾರೂ ಜಿಪ್ ಎಳೆಯದ ಬ್ಯಾಗಿನಲ್ಲಿ. ತೆರೆದೆ. ವೈರನ್ನು ನೀನು ಅಚ್ಚುಕಟ್ಟಾಗಿ ಸುತ್ತಿ ರಬ್ಬರ್‌ಬ್ಯಾಂಡ್ ಹಾಕಿದ್ದೆ. ಪಕ್ಕದಲ್ಲಿ ಅರ್ಧ ತಿಂದ ಬಿಸ್ಕತ್ತಿನ ಪೊಟ್ಟಣ. ಅದನ್ನು ಹಿಡಿದುಕೊಂಡು ನೆಲದ ಮೇಲೆ ಕೂತುಬಿಟ್ಟೆ. ಇನ್ನು ಏನೂ ಬೇಡ ಅನ್ನಿಸಿತು ಅಣ್ಣಾ, ನಿಜವಾಗಿ.

ಆದರೆ ಅಪ್ಪ ಒಳಗೆ ಕಾಯುತ್ತಿದ್ದರು. ನೀನು ಪ್ರತಿಯೊಂದನ್ನೂ ಗೊಣಗಿಕೊಳ್ಳುತ್ತಾ ಮಾಡುತ್ತಿದ್ದೆಯಲ್ಲ, ಅದೇ ಕ್ರಮ ಹಿಡಿದೆ. ವೈರು ಹಾಕು, ಟೂಲ್ ತೆರೆ, ಪಾಸ್‌ವರ್ಡ್ ಕೊಡು, ರೀಸ್ಟಾರ್ಟ್ ಮಾಡು. ಮುಂದಿನ ಸಿಸ್ಟಂ ಬಂದರೆ ಈ ಮಾಡೆಲ್‌ಗೆ ತೇಪೆಯೂ ಇಲ್ಲವೆಂದು ಆ ಟೂಲ್‌ನಲ್ಲೇ ಬರೆದಿತ್ತು. ಅದನ್ನು ಓದಿಯೂ ಕೈ ಮುಂದುವರಿಯಿತು. ಕೊನೆಗೆ, ಸದ್ದು ಬಂತೇ ಎಂದು ನೋಡಲು ಯಾವಾಗಲೂ ನೀನು ಟೈಪ್ ಮಾಡುತ್ತಿದ್ದ ಸಾಲನ್ನೇ ಟೈಪ್ ಮಾಡಿಬಿಟ್ಟೆ. ಅದೂ ಕ್ರಮದಲ್ಲಿತ್ತಲ್ಲ, ಯೋಚಿಸಲೇ ಇಲ್ಲ.

"ಅಪ್ಪಾ, ನಾನು ಹೊರಟೆ. ಬಾಗಿಲು ಹಾಕ್ಕೊಳ್ಳಿ" ಎಂದು ಕಂಪ್ಯೂಟರ್ ಗಟ್ಟಿಯಾಗಿ ಹೇಳಿತು.

ಅಪ್ಪ ಎದ್ದರು. ಪ್ರತಿ ಸಲದಂತೆ ಗೋಡೆ ಸವರಿಕೊಂಡು ಹೋಗಿ ಚಿಲಕ ಹಾಕಿದರು. ಹಾಕಿದ ಕೈ ಅಲ್ಲೇ ನಿಂತಿತು. ನಿನ್ನನ್ನು ಮನೆಯಿಂದ ಎತ್ತಿಕೊಂಡು ಹೋದ ದಿನವೂ ಅಳದವರು ಬಾಗಿಲಿಗೆ ಹಣೆ ಆನಿಸಿ, "ಹೊರಟೇಬಿಟ್ನಲ್ಲೇ" ಎಂದು ಅತ್ತರು. ನಾನು ಕೀಬೋರ್ಡ್ ಮೇಲಿನ ಕೈ ತೆಗೆಯದೆ ನೋಡುತ್ತಾ ಕೂತೆ.

ಬಾಗಿಲು ಹಾಕಿಕೊಂಡೆವು ಅಣ್ಣಾ. ನೆಮ್ಮದಿಯಾಗಿರು. ಹುಷಾರಾಗಿ ಹೋಗು.

ನಿನ್ನ ತಂಗಿ,
ಮೊಂಡಿ