ಹಾಲು ಆರುವ ತನಕ

ಅಣ್ಣನಿಗೆ,

ಖಾಲಿ ಕ್ಯಾನಿನ ಜೊತೆ ಈ ಪತ್ರ ಕಳಿಸುತ್ತಿದ್ದೇನೆ. ಅತ್ತಿಗೆಗೆ ತೋರಿಸಬೇಡ.

ನೀನು ಡೇರಿ ಬಿಟ್ಟು ಹಸು ಕಟ್ಟಲು ಹೊರಟಾಗ, ನಿನ್ನ ಜಾಗಕ್ಕೆ ನನ್ನನ್ನು ಸೇರಿಸಿ ಹಾಲು ಪರೀಕ್ಷಿಸುವ ಕೆಲಸ ಕಲಿಸಿದೆ. "ಹಾಲು ಕುದಿಸು, ಬಿಸಿ ಇರೋವಾಗಲೇ ಅಯೋಡಿನ್ ಹಾಕು. ಹಳದಿ ಬಂದ್ರೆ ಒಳ್ಳೇದು, ನೀಲಿ ಬಂದ್ರೆ ಹಿಟ್ಟು ಬೆರೆಸಿದ್ದಾರೆ ಅಂತ. ಇಷ್ಟೇ ಕಣೇ." ಎರಡು ವರ್ಷ ಹಾಗೇ ಮಾಡಿದೆ. ಯಾರ ಹಾಲೂ ನೀಲಿಯಾಗಲಿಲ್ಲ.

ನಿನ್ನೆ ನಿನ್ನ ಹಾಲಿಗೆ ಅಯೋಡಿನ್ ಹಾಕಿದ ಹೊತ್ತಿಗೇ ಮ್ಯಾನೇಜರು ಕರೆದರು. ಹೋಗಿ ಬರುವಷ್ಟರಲ್ಲಿ ಹಾಲು ಆರಿ ಕಡುನೀಲಿಯಾಗಿತ್ತು. ಮತ್ತೆ ಕಾಯಿಸಿದೆ, ಬಣ್ಣ ಹೋಯಿತು. ಆರಿಸಿದೆ, ಬಂತು. ಉಳಿದವರ ಹಾಲನ್ನೂ ಆರಿಸಿ ನೋಡಿದೆ. ನೀಲಿಯಾದದ್ದು ನಿನ್ನದೊಂದೇ.

ಬಿಸಿ ಹಾಲಲ್ಲಿ ನೀಲಿ ಕಾಣಿಸಲ್ಲ ಅಂತ ಗೊತ್ತಿರಲಿಲ್ಲ ಅನ್ನಬೇಡ. ಹನ್ನೊಂದು ವರ್ಷ ಆ ಮೇಜಿನ ಮುಂದೆ ನಿಂತವನು ನೀನು.

ಈ ಹಾಲು ಆಸ್ಪತ್ರೆಗೆ ಹೋಗುತ್ತದೆ. "ಮಾವನ ಹಾಲು" ಅಂತ ನನ್ನ ಮಗಳೂ ಲೋಟ ಹಿಡಿದು ಕುಣಿಯುತ್ತಾಳೆ. ರಿಜಿಸ್ಟರಿನ ತುಂಬ ಇರುವುದು ನನ್ನ ಸಹಿ.

ನಾಳೆ ಹಾಲಿನ ಕ್ಯಾನು ತೆಗೆದುಕೊಂಡು ನೀನೇ ಬಾ. ಮ್ಯಾನೇಜರಿಗೂ ಹೇಳಿದ್ದೇನೆ. ಮೂರು ಕುರ್ಚಿ ಹಾಕಿರುತ್ತೇನೆ, ಹಾಲು ಆರುವ ತನಕ ಕೂತಿರೋಣ.

ಇತಿ,
ನೀನು ಕೆಲಸ ಕಲಿಸಿದ ತಂಗಿ