ನೀರಿನ ಕಡೆಯ ಗೋಡೆ

ನಿಮ್ಮದೇ ಮನೆಯ ಜಗಲಿಯಿಂದ,
ಹದಿನಾಲ್ಕನೇ ತಾರೀಖು, ಬುಧವಾರ, ತಿಂಡಿಯಾದ ಮೇಲೆ

ಸೂಜಿಗೆ ಭಾವನ ಆಶೀರ್ವಾದ. ಅರವತ್ತು ದಾಟಿದವಳಿಗೆ ಎಂಥ ಆಶೀರ್ವಾದ ಎಂದು ನೀನು ಮೂಗು ಮುರಿಯುತ್ತೀಯ, ಗೊತ್ತು. ನಿನಗೆ ಆ ಅಡ್ಡಹೆಸರು ಇಟ್ಟವರು ನಿನ್ನಪ್ಪ, ಅದರ ಮೊನೆಯಿಂದ ಚುಚ್ಚಿಸಿಕೊಂಡವನು ನಾನು. ಫೋನಿನಲ್ಲೇ ಹೇಳಿಬಿಡೋಣವೆಂದರೆ ನಿನ್ನ ಕಿವಿ ಹೀಗಾಗಿದೆ. ನಾನು ಕಿರುಚಿದ್ದು ನಿನ್ನೊಬ್ಬಳನ್ನು ಬಿಟ್ಟು ಮನೆಮಂದಿಗೆಲ್ಲ ಕೇಳಿಸುತ್ತದೆ. ಇದು ಕಿರುಚಿ ಹೇಳುವ ವಿಷಯವಲ್ಲ.

ವಿತ್ ರೆಫರೆನ್ಸ್ ಟು ಯುವರ್ ಲೆಟರ್ ಎಂದು ಶುರು ಮಾಡುವ ಚಟ ನಿವೃತ್ತಿಯಾಗಿ ಇಷ್ಟು ವರ್ಷವಾದರೂ ಹೋಗಿಲ್ಲ. ಕಾಲೇಜಿನಲ್ಲಿ ಕಲಿತ ಇಂಗ್ಲಿಷಿನಲ್ಲಿ ಕಾಗದದ ಮೊದಲ ಸಾಲು, ಕೊನೆಯ ಸಾಲು ಮಾತ್ರ ಉಳಿದಿವೆ, ನಡುವಿನದೆಲ್ಲ ಕರಗಿಹೋಗಿದೆ. ಇರಲಿ. ಈಗ ಅತಿಥಿಗೃಹವಾಗಿರುವ ಹುಟ್ಟಿದ ಮನೆಯಲ್ಲಿ ಅಮ್ಮ ಮತ್ತೊಮ್ಮೆ ಮಲಗಿ ಏಳಲಿ ಎಂದು ನಿನ್ನ ಮಗಳು ಎರಡು ದಿನಕ್ಕೆ ಕೋಣೆ ಹಿಡಿದಳು. ಅಷ್ಟರಲ್ಲಿ ನಿನ್ನ ಸೊಂಟ ಕೈಕೊಟ್ಟಿತು. ಸುಮ್ಮನೆ ಯಾಕೆ ಹಾಳಾಗಬೇಕು ಎಂದು ನನ್ನನ್ನು ಕಳಿಸಿದೆ. ಜೊತೆಗೊಂದು ಚೀಟಿ. 'ಭಾವ, ಬೇರೇನೂ ನೋಡದಿದ್ರೂ ಪರವಾಗಿಲ್ಲ, ನೀರಿನ ಕಡೆ ಗೋಡೆ ನೋಡ್ಕೊಂಡು ಬನ್ನಿ. ಹೊಸದಾಗಿ ಕಟ್ಟಿದಾರಾ, ಅದೇ ಹಳೇದಾ? ಹೊಸದಾದ್ರೆ ನಾನು ಈ ಯೋಚನೆ ಬಿಟ್ಟುಬಿಡ್ತೀನಿ. ಹಳೇದಾದ್ರೆ ಅದನ್ನೂ ಹೇಳಿ.'

ಮೂವತ್ನಾಲ್ಕು ವರ್ಷ ಕೇಳದೆ ಇದ್ದವಳು ಈಗ ಕೇಳಿದ್ದೀಯ. ಅದೂ ನನ್ನನ್ನೇ.

ಮೊದಲು ಮನೆಯ ವಿಚಾರ. ಲಾಂಚು ಈಗಲೂ ಅದೇ ಕಟ್ಟೆಗೆ ಬಂದು ನಿಲ್ಲುತ್ತದೆ. ಮೆಟ್ಟಿಲು ಹತ್ತಿದ ಕೂಡಲೇ ಕೈಗೊಂದು ಒದ್ದೆ ಟವಲು ಕೊಟ್ಟರು. ನಿನ್ನಪ್ಪ ಇದ್ದಾಗ ಒಂದು ಲೋಟ ನೀರಿಗೂ ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೆಮ್ಮಬೇಕಿತ್ತು. ಆ ಅಡುಗೆಮನೆ ಈಗ ಆಫೀಸು. ಒರಳುಕಲ್ಲಿನ ಗುಂಡಿಯೊಳಗೆ ಕೀಲಿಕೈ ಇಡುತ್ತಾರೆ. ಸ್ನಾನದ ಮನೆಯ ಹಂಡೆಯಲ್ಲಿ ಛತ್ರಿಗಳು. ಮಾವನ ಆರಾಮ ಕುರ್ಚಿಗೆ ಕೆಂಪು ಹಗ್ಗ ಬಿಗಿದು 'ದಯವಿಟ್ಟು ಕೂರಬೇಡಿ' ಎಂದು ಹಲಗೆ ಹಾಕಿದ್ದಾರೆ. ಅವರಿದ್ದಾಗಲೂ ಅದರಲ್ಲಿ ಯಾರೂ ಕೂರುತ್ತಿರಲಿಲ್ಲ, ಆಗ ಹಲಗೆ ಬೇಕಿರಲಿಲ್ಲ ಅಷ್ಟೆ. ನೀನೂ ನಿಮ್ಮಕ್ಕನೂ ಮಲಗುತ್ತಿದ್ದ ಕೋಣೆಯನ್ನೇ ನನಗೆ ಕೊಟ್ಟಿದ್ದಾರೆ. ಹಾಸಿಗೆ ಎಷ್ಟು ಮೆತ್ತಗಿದೆಯೆಂದರೆ ಹೊರಳಿದರೆ ಎದ್ದು ಬರಲು ಯಾರಾದರೂ ಕೈ ಕೊಡಬೇಕು. ಒಟ್ಟಿನಲ್ಲಿ ಮನೆ ಚೆನ್ನಾಗಿದೆ. ಚೆನ್ನಾಗಿದೆ ಅನ್ನುವುದೇ ನನ್ನ ತಾಪತ್ರಯ.

ಪಕ್ಕದ ಕೋಣೆಯಲ್ಲಿ ಒಬ್ಬ ಹಲ್ಲಿನ ಡಾಕ್ಟರು, ಹೆಂಡತಿ ಸಮೇತ. ನಿನ್ನೆ ಸಂಜೆ ನಾನು ಬೆರಳ ಗೆಣ್ಣಿನಿಂದ ಗೋಡೆ ತಟ್ಟಿ ಸದ್ದು ಕೇಳುತ್ತಿದ್ದೆ. ನಾನು ಇಂಜಿನಿಯರಾಗಿದ್ದವನೆಂದು ಕಾಫಿಯ ಹೊತ್ತಿಗೆ ಕೇಳಿ ತಿಳಿದಿದ್ದ ಆಸಾಮಿ ಹಿಂದೆ ಬಂದು ನಿಂತು, 'ರಿಟೈರ್ ಆದ್ರೂ ಬಿಟ್ಟಿಲ್ಲ ನೀವು. ನಾನೂ ಅಷ್ಟೇ, ಮದುವೆಮನೇಲಿ ಯಾರಾದ್ರೂ ನಕ್ರೆ ಸಾಕು, ಹುಳುಕು ಎಣಿಸ್ತೀನಿ' ಎಂದ. ಅವನ ಹೆಂಡತಿ, 'ಅದಕ್ಕೇ ಇವರ ಮುಂದೆ ನಮ್ಮ ಕಡೆಯವರು ಯಾರೂ ನಗಲ್ಲ' ಎಂದಳು. ಒಳ್ಳೆಯ ಜನ. ನನಗೆ ಮಾತು ಬೇಕಿರಲಿಲ್ಲ.

ಇವತ್ತು ಬೆಳಿಗ್ಗೆ ಮ್ಯಾನೇಜರಮ್ಮ ಎಲ್ಲರನ್ನೂ ಕರೆದುಕೊಂಡು ಮನೆ ತೋರಿಸಿದಳು. ನೀರಿನ ಕಡೆಯ ಉಗ್ರಾಣ ನೆನಪಿದೆಯಲ್ಲ, ನಾಲ್ಕು ಜನ ಸೇರಿದರೂ ಅಲುಗದ ಆ ದೊಡ್ಡ ಬೀರು ಇದ್ದದ್ದು? ಬೀರು ಈಗ ಇಲ್ಲ. ಅದರ ಹಿಂದಿನ ಮೂಲೆಯಲ್ಲಿ, ಮೊಣಕಾಲೆತ್ತರದಲ್ಲಿ, ಒಂದು ಚೌಕಟ್ಟು ಹಾಕಿ ಒಳಗೆ ಪುಟ್ಟ ದೀಪ ಇಟ್ಟಿದ್ದಾರೆ. ಚೌಕಟ್ಟಿನೊಳಗೆ ನಾನು ಹಚ್ಚಿದ ಗಾಜು.

ನಿನಗೆ ಮರೆತಿರಬಹುದು, ಹೇಳುತ್ತೇನೆ. ಗೋಡೆ ಬಿರುಕು ಬಿಟ್ಟಾಗ ಅದು ಹಳೆಯ ಬಿರುಕೋ ಬೆಳೆಯುತ್ತಿರುವುದೋ ಎಂದು ತಿಳಿಯಲು, ಬಿರುಕಿಗೆ ಅಡ್ಡಲಾಗಿ ತೆಳ್ಳನೆಯ ಗಾಜಿನ ಪಟ್ಟಿ ಇಟ್ಟು ಎರಡೂ ತುದಿಗೆ ಸಿಮೆಂಟು ಮೆತ್ತುತ್ತೇವೆ. ಪಕ್ಕದಲ್ಲಿ ಮೊಳೆಯಿಂದ ತಾರೀಖು ಗೀಚುತ್ತೇವೆ. ಗೋಡೆ ಕೂದಲೆಳೆಯಷ್ಟು ಸರಿದರೂ ಗಾಜು ಒಡೆಯುತ್ತದೆ. ಒಡೆಯದಿದ್ದರೆ ಗೋಡೆ ನಿಂತಿದೆ ಎಂದು ಅರ್ಥ. ಮಳೆಗಾಲಕ್ಕೆ ಮುಂಚೆ ಬೀರುವಿನ ಸಂದಿಗೆ ಕೈ ತೂರಿಸಿ ಹಚ್ಚಿದ್ದೆ, ಮಳೆ ಮುಗಿದ ಮೇಲೆ ನೋಡಲು ಬಂದಿದ್ದೆ.

'ಇದು ನಮ್ಮ ಮನೆಯ ಸ್ಟಾರ್' ಎಂದಳು ಮ್ಯಾನೇಜರಮ್ಮ. 'ಯಾರೋ ಪುಣ್ಯಾತ್ಮ ಇಂಜಿನಿಯರ್ ಹಚ್ಚಿದ್ದು. ಮೂವತ್ನಾಲ್ಕು ವರ್ಷ ಆಯ್ತು, ಒಂದು ಗೆರೆ ಬಿದ್ದಿಲ್ಲ ನೋಡಿ.'

ಹಲ್ಲಿನ ಡಾಕ್ಟರು ಬಗ್ಗಿ ನೋಡಿ, 'ಹಂಗಾದ್ರೆ ಮನೆಯವರು ಯಾಕಮ್ಮ ಬಿಟ್ಟು ಹೋದ್ರು?' ಎಂದ.

'ಪಾಪ, ಮನೆ ನೀರಿಗೆ ಜಾರುತ್ತೆ ಅಂತ ಯಾರೋ ಹೆದರಿಸಿದ್ರಂತೆ ಸಾರ್. ಹತ್ತಿರದವರೇ.'

ನಾನು ಕೇಳಿದೆ, ಪಾಯಕ್ಕೆ ಏನಾದರೂ ಬಲ ಕೊಟ್ಟಿದ್ದೀರಾ ಎಂದು. 'ಇಲ್ಲ ಅಂಕಲ್, ಈ ಗೋಡೆಗೆ ಬರೀ ಸುಣ್ಣ' ಎಂದಳು.

ಇಗೋ ಸೂಜಿ, ನಿನ್ನ ಪ್ರಶ್ನೆಗೆ ಉತ್ತರ. ಗೋಡೆ ಅದೇ ಹಳೆಯದು.

ಇಲ್ಲಿಗೆ ನಿಲ್ಲಿಸಿ, ಡಿಫರೆನ್ಷಿಯಲ್ ಸೆಟಲ್‌ಮೆಂಟ್ ಅದು ಇದು ಎಂದು ನಾಲ್ಕು ದೊಡ್ಡ ಪದ ಹಾಕಿ, ಅಂದು ಅಪಾಯ ಇದ್ದದ್ದು ನಿಜ, ಆಮೇಲೆ ನೆಲ ತಾನೇ ಗಟ್ಟಿಯಾಯಿತು ಎಂದು ಬರೆದಿದ್ದರೆ ನೀನು ನಂಬುತ್ತಿದ್ದೆ. ಹಾಗೆ ಒಂದು ಹಾಳೆ ಬರೆದೂ ಬಿಟ್ಟಿದ್ದೆ, ಹರಿದು ಹಾಕಿದೆ. ನಾನು ದೊಡ್ಡ ಮನುಷ್ಯನಾದೆನೆಂದು ತಿಳಿಯಬೇಡ. ಇನ್ನೊಂದು ಸುಳ್ಳನ್ನು ಹೊತ್ತು ಲಾಂಚು ಹತ್ತುವ ಶಕ್ತಿ ಈ ಮೊಣಕಾಲಿಗೆ ಇಲ್ಲ.

ಆ ದಿನ ನಾನು ಬೀರುವಿನ ಸಂದಿಯಲ್ಲಿ ಟಾರ್ಚು ಬಿಟ್ಟು ನೋಡಿದೆ. ಗಾಜು ಇಡಿಯಾಗಿತ್ತು. ಅದನ್ನೇ ಹೇಳಲು ಹೊರಗೆ ಬಂದೆ, ನಂಬಿದರೆ ನಂಬು. ನಿಮ್ಮಕ್ಕ ನನ್ನ ಮೇಲೆ ಮುನಿಸಿಕೊಂಡು ಇಲ್ಲಿಗೆ ಬಂದು ಹದಿನೈದು ದಿನವಾಗಿತ್ತು. ಅದು ಆ ವರ್ಷದ ನಾಲ್ಕನೇ ಸಲ. ಪ್ರತಿ ಸಲವೂ ನಾನು ಹೋಟೆಲಿನಲ್ಲಿ ಉಂಡು, ರಜೆ ಹಾಕಿ, ಲಾಂಚು ಹತ್ತಿ ಬಂದು ಕರೆದೊಯ್ಯಬೇಕು. ಜಗಲಿಯಲ್ಲಿ ನೀವಿಬ್ಬರೂ ಬಟಾಣಿ ಬಿಡಿಸುತ್ತಾ ಕೂತಿದ್ದಿರಿ. ನೀನು ಏನೋ ಅಂದೆ, ಅವಳು ಮೊರ ಕೆಳಗಿಟ್ಟು, ಹೊಟ್ಟೆ ಹಿಡಿದುಕೊಂಡು ನಕ್ಕಳು. ನಮ್ಮ ಕ್ವಾರ್ಟರ್ಸಿನಲ್ಲಿ ಅವಳು ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ. ಮಾವ ಅರ್ಧ ಗಡ್ಡ ಹೆರೆದ ಮುಖದಲ್ಲಿ, 'ಬನ್ನಿ ಇಂಜಿನಿಯರ್ ಸಾಹೇಬ್ರೇ. ಗೋಡೆಗೆ ಒರಗಬೇಡಿ ಮತ್ತೆ, ಇದು ನಿಮ್ಮ ಇಲಾಖೆ ಕಟ್ಟಿದ್ದಲ್ಲ, ಆದ್ರೂ ಭಯ' ಎಂದರು. ನೀನು ನಕ್ಕೆ. ಅವಳೂ.

ನಾನು 'ಒಡೆದಿದೆ' ಎಂದೆ.

ಅಷ್ಟೇ. ಮೊದಲೇ ಯೋಚಿಸಿರಲಿಲ್ಲ. ಹೇಳಿದ ಮೇಲೆ ಯೋಚಿಸಿದೆ. ನಗು ನಿಂತಿತು. ಮಾವ ಕತ್ತಿ ಕೆಳಗಿಟ್ಟು, 'ಏನಪ್ಪಾ, ನಿಜವಾ?' ಎಂದರು. ಮದುವೆಯಾಗಿ ಒಂಬತ್ತು ವರ್ಷದಲ್ಲಿ ಅವರು ನನ್ನನ್ನು ಅಪ್ಪಾ ಅಂದದ್ದು ಅದೊಂದೇ ಸಲ. ಆಮೇಲೆ ಮಾತು ಹಿಂದೆ ತೆಗೆದುಕೊಳ್ಳುವುದು ಹೇಗೆ? ಇನ್ನೆರಡು ಮಳೆಗಾಲ ತಡೆಯುವುದಿಲ್ಲ ಎಂದು ಇಲಾಖೆಯ ಹಾಳೆಯಲ್ಲಿ ಇಂಗ್ಲಿಷಿನಲ್ಲಿ ಬರೆದು ಸಹಿ ಹಾಕಿ ಕೊಟ್ಟೆ. ಐ ಹ್ಯಾವ್ ದಿ ಆನರ್ ಟು ರಿಪೋರ್ಟ್ ಎಂದು ಶುರು ಮಾಡಿದ ನೆನಪು. ತವರು ಅಂತ ಒಂದು ಇಲ್ಲದಿದ್ದರೆ ಮುನಿಸಿಕೊಂಡವಳು ಎಲ್ಲಿಗೆ ಹೋಗುತ್ತಾಳೆ? ಎಲ್ಲಿಗೂ ಹೋಗಲಿಲ್ಲ. ಸಾಯುವವರೆಗೆ ಒಂದು ದಿನವೂ ಜಗಳ ಆಡಲಿಲ್ಲ. ಸಂಸಾರ ದಾರಿಗೆ ಬಂತು ಎಂದುಕೊಂಡೆ.

ಮಿಕ್ಕದ್ದು ನಿನಗೇ ಗೊತ್ತು. ಮನೆಯನ್ನು ಲಾಂಚಿನ ಕಂಪನಿಗೆ ಗೋದಾಮಿಗೆಂದು ಸಿಕ್ಕಿದ ಬೆಲೆಗೆ ಬರೆದುಕೊಟ್ಟಿರಿ. ನೀನು ನೀರಿನಾಚೆಯ ಶಾಲೆಯ ಕೆಲಸ ಬಿಟ್ಟು, ಊರೊಳಗೆ ಮೂರನೇ ಮಹಡಿಯಲ್ಲಿ ಮನೆ ಹಿಡಿದು ಅಪ್ಪನನ್ನು ಇಟ್ಟುಕೊಂಡೆ. ಅವರು ಕಿಟಕಿಯೆದುರಿನ ಇನ್ನೊಬ್ಬರ ನೀರಿನ ಟ್ಯಾಂಕು ನೋಡುತ್ತಾ ಎಂಟು ತಿಂಗಳು ಬದುಕಿದರು. ಹೆಗಲು ಕೊಟ್ಟವರಲ್ಲಿ ನಾನೂ ಒಬ್ಬ. 'ಭಾವ ಹೇಳಿದ್ದಕ್ಕೆ ನಾವು ಬದುಕಿಕೊಂಡ್ವಿ' ಎಂದು ನೀನು ಬಂದವರಿಗೆಲ್ಲ ಹೇಳುತ್ತಿದ್ದೆ. ನಾನು ಚಪ್ಪಲಿ ಹುಡುಕುವ ನೆಪದಲ್ಲಿ ಆಚೆ ಹೋದೆ.

ನಿನ್ನ ಮೇಲೂ ನನಗೆ ಸಿಟ್ಟಿದೆ, ಬರೆಯುತ್ತೇನೆ. ಎಲ್ಲರ ಮಾತಿಗೂ ಚುಚ್ಚುವವಳು ನನ್ನ ಆ ಒಂದು ಮಾತಿಗೆ ಯಾಕೆ ಸುಮ್ಮನಾದೆ? ಬೀರು ಸರಿಸಿ ತೋರಿಸಿ ಭಾವ ಎಂದು ಒಂದು ಸಲ ಅಂದಿದ್ದರೆ ಸಾಕಿತ್ತು. ಹೀಗೆ ಕೇಳುವುದು ಅನ್ಯಾಯ ಎಂದು ಗೊತ್ತು. ಆದರೂ ಕೇಳುತ್ತೇನೆ.

ಕ್ಷಮಿಸು ಎಂದು ಬರೆಯುವುದಿಲ್ಲ. ನೀನು ಕ್ಷಮಿಸಿದರೆ ನಿನ್ನ ಮುಖ ನೋಡುವುದು ಇನ್ನೂ ಕಷ್ಟ. ನಿಮ್ಮಕ್ಕನಿಗೆ ಇದೊಂದೂ ಗೊತ್ತಿರಲಿಲ್ಲ, ಗೊತ್ತಾಗದೆಯೇ ಹೋದಳು. ನನಗೆ ಉಳಿದಿರುವ ಸಮಾಧಾನ ಅದೊಂದೇ. ಮ್ಯಾನೇಜರಮ್ಮ ಅತಿಥಿಗಳ ಪುಸ್ತಕ ಕೊಟ್ಟು ನಾಲ್ಕು ಸಾಲು ಬರೆಯಿರಿ ಎಂದಳು. ಮೇಂಟೆನೆನ್ಸ್ ವೆರಿ ಸ್ಯಾಟಿಸ್‌ಫ್ಯಾಕ್ಟರಿ ಎಂದು ಬರೆದೆ. ಹೆಸರು ಹಾಕಲಿಲ್ಲ. ನಾಳೆ ಮೊದಲ ಲಾಂಚಿಗೆ ಹೊರಡುತ್ತೇನೆ. ನಿನ್ನ ಮನೆಗೆ ಬರುವುದಿಲ್ಲ, ಕಾಯಬೇಡ.

ಸೊಂಟಕ್ಕೆ ಶಾಖ ಕೊಡುವುದನ್ನು ತಪ್ಪಿಸಬೇಡ.

ಇಂತು ನೀನು ಇಷ್ಟು ವರ್ಷ ನಂಬಿದ,
ಭಾವ

ಮರೆತ ಮಾತು: ಅಕ್ಕನಿಗೆ ಗೊತ್ತಿರಲಿಲ್ಲ ಎಂದು ಬರೆದದ್ದು ಸುಳ್ಳು. ಹೊಡೆದುಹಾಕಲು ಪೆನ್ನು ಎತ್ತಿದೆ, ಇರಲಿ ಎಂದು ಬಿಟ್ಟೆ. ಆಸ್ಪತ್ರೆಯಲ್ಲಿ, ಕೊನೆಯ ವಾರ, ನಾನು ಕಿತ್ತಳೆ ಸುಲಿಯುತ್ತಿದ್ದಾಗ ಅವಳೇ ಹೇಳಿದಳು. ಮನೆ ಖಾಲಿ ಮಾಡಿದ ದಿನ ಆಳುಗಳು ಬೀರು ಸರಿಸಿದಾಗ ನೋಡಿದಳಂತೆ. ಮತ್ತೆ ಯಾಕೆ ಬಾಯಿ ಬಿಡಲಿಲ್ಲ ಎಂದೆ. 'ಹೇಳಿದ್ರೆ ನಿಮ್ಮನ್ನ ಬಿಟ್ಟು ಹೊರಡಬೇಕಾಗಿತ್ತು. ಅಷ್ಟೊತ್ತಿಗೆ ಮನೆ ಬರೆದು ಕೊಟ್ಟಾಗಿತ್ತಲ್ಲ. ಎಲ್ಲಿಗೆ ಹೋಗ್ಲಿ?' ಎಂದಳು. ಆಮೇಲೆ ಬೀಜ ತೆಗೆದು ಕೊಡಿ ಎಂದಳು.