ಒಬ್ಬನೇ ತಿಂದ ಜಪಾನಿ ಕಡುಬು

ಲೇ ಶಹನವಾಜ್,

ಅಪರಾಧ ಒಪ್ಪಿಕೊಳ್ಳುತ್ತಿದ್ದೇನೆ: ಚಳ್ಳಕೆರೆಯಲ್ಲಿ ಹೊಸದಾಗಿ ತೆರೆದ ಜಪಾನಿ ಕಡುಬಿನಂಗಡಿಯಲ್ಲಿ ಇವತ್ತು ನಿನ್ನನ್ನು ಬಿಟ್ಟು ತಿಂದೆ. ನಮ್ಮ ಕರ್ಜಿಕಾಯಿಯೇ ಪಾಸ್‌ಪೋರ್ಟ್ ಮಾಡಿಸಿಕೊಂಡು ಬಂದಂತಿತ್ತು. ನನ್ನ ಜೊತೆ ಜಗಳವಾಡಿ ನೀನು ನಿನ್ನ ಗ್ಯಾರೇಜನ್ನು ಮೊಳಕಾಲ್ಮೂರಿಗೆ ಒಯ್ದ ಮೇಲೆ ನನಗೆ ನಿನ್ನ ನೆನಪೇ ಇಲ್ಲ, ತಿಳಿದಿರಲಿ.

ಚಿಕನ್ ಕಡುಬು ಹೇಳುವಾಗ ರೂಢಿಯಂತೆ, "ಹಲಾಲ್ ಐತೇನ್ರಿ?" ಎಂದುಬಿಟ್ಟೆ. ಪಕ್ಕದ ಮೇಜಿನವರು ತಿನ್ನುವುದನ್ನು ನಿಲ್ಲಿಸಿದರು. ಅಂಗಡಿಯವನು ನನ್ನ ಹಣೆಯ ವಿಭೂತಿ ನೋಡಿ ಬೆವರಿದ.

"ಗಲಾಟೆ ಮಾಡಾಕೆ ಬಂದೀರೇನಣ್ಣ?"

"ಇಲ್ಲಪ್ಪ. ನಮ್ಮ ಶಹನವಾಜ್ ಹಲಾಲ್ ಅಲ್ದಿದ್ರೆ ಮುಟ್ಟಲ್ಲ."

"ಇದು ಹಲಾಲ್ ಅಲ್ಲಣ್ಣ. ಅವ್ರೂ ಬರ್ತಾರಾ?"

"ಬರಲ್ಲ," ಎಂದೆ.

ಆದರೂ ಎಲೆಕೋಸಿನ ಕಡುಬನ್ನೇ ತರಿಸಿಕೊಂಡು ತಿಂದೆ ಕಣೋ.